ಕೊಡಗಿನಲ್ಲಿ ಗೆಳೆಯರ ಓದುಕೂಟ ನಡೆಸುವ ಬಗೆ

ಐದಾರು ಮಂದಿ ಗೆಳೆಯರು ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕದ ಬಗ್ಗೆ ಮಾತನಾಡುವುದಕ್ಕೆ ವೇದಿಕೆಯೂ ಬೇಡ, ಅಧ್ಯಕ್ಷರೂ ಬೇಡ. ಆದರೆ ಕೊಡಗಿನಲ್ಲಿ ಅದು ನಾಲ್ಕು ಕಾಲ ನಡೆಯಬೇಕಾದರೆ ತೋಟದ ಕೆಲಸವನ್ನೂ ಮಳೆಯನ್ನೂ ನೋಡಿಕೊಂಡೇ ದಿನವನ್ನೂ ಪುಸ್ತಕವನ್ನೂ ಗೊತ್ತುಮಾಡಬೇಕು. ನವೆಂಬರ್ ಹೊತ್ತಿಗೆ ಅರೇಬಿಕಾ ಕಾಫಿಯ ಕೊಯ್ಲು ಆರಂಭವಾಗಿ, ಅದರ ಬೆನ್ನಿಗೇ ರೋಬಸ್ಟಾ ಹಣ್ಣಾಗುವುದರಿಂದ, ಫೆಬ್ರವರಿ ಕಳೆಯುವವರೆಗೆ ಬೆಳೆಗಾರರ ಮನೆಗಳಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ನಡುವೆ ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯೂ ಬರುತ್ತದೆ. ಆಗ ದಪ್ಪ ಕಾದಂಬರಿ ಇಟ್ಟುಕೊಂಡರೆ ಅರ್ಧ ಓದಿದವರು ಸಂಕೋಚಪಟ್ಟು ಬರುವುದನ್ನೇ ಬಿಡುತ್ತಾರೆ. ಆ ತಿಂಗಳುಗಳಿಗೆ ಒಂದು ಸಣ್ಣಕತೆ ಸಾಕು.

ದೊಡ್ಡ ಪುಸ್ತಕಗಳನ್ನು ಮಳೆಗಾಲಕ್ಕೆ ಮೀಸಲಿಡಿ. ಮರ ಬಿದ್ದು ರಸ್ತೆ ಮುಚ್ಚುವುದೂ ಕರೆಂಟ್ ಹೋಗಿ ಮೊಬೈಲ್ ಆಫ್ ಆಗುವುದೂ ಜುಲೈ ತಿಂಗಳಲ್ಲಿ ಮಾಮೂಲಿಯಾದ್ದರಿಂದ ಅಚ್ಚಾದ ಪ್ರತಿಯನ್ನೇ ಎಲ್ಲರಿಗೂ ಮೊದಲೇ ತಲುಪಿಸಬೇಕು, ಸೇರುವ ದಿನವನ್ನು ಒಂದು ವಾರ ಮುಂದೂಡಲು ಸಿದ್ಧರಿರಬೇಕು.

ಮೊದಲ ಸಲಕ್ಕೆ ಕೊಡಗಿನ ಗೌರಮ್ಮನವರ ಒಂದು ಕತೆಯನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. 1912ರಲ್ಲಿ ಹುಟ್ಟಿ, 1939ರಲ್ಲಿ ಇಪ್ಪತ್ತೇಳರ ಹರೆಯದಲ್ಲೇ ತೀರಿಕೊಂಡ ಈ ಲೇಖಕಿ ಹೆಣ್ಣುಮಕ್ಕಳ, ಅದರಲ್ಲೂ ವಿಧವೆಯರ ಬದುಕನ್ನು ಕುರಿತು ಬರೆದ ಕತೆಗಳು ಗಾತ್ರದಲ್ಲಿ ಚಿಕ್ಕವು. ಓದಲಾಗದೆ ಬಂದವರಿದ್ದರೆ ಅಲ್ಲಿಯೇ ಕೂತು ಗಟ್ಟಿಯಾಗಿ ಓದಿಬಿಡಬಹುದು.

ಮಾತು ಪುಸ್ತಕದ ಮೇಲೆಯೇ ನಿಲ್ಲುವಂತೆ ನೋಡಿಕೊಳ್ಳುವುದು ಆತಿಥೇಯರ ನಿಜವಾದ ಕೆಲಸ. "ಪುಸ್ತಕ ಹೇಗಿತ್ತು?" ಎಂದು ಕೇಳಿದರೆ "ಚೆನ್ನಾಗಿತ್ತು" ಎಂಬ ಉತ್ತರದೊಂದಿಗೆ ಮಾತು ಮುಗಿದು, ಮುಂದಿನ ಗಳಿಗೆಯಲ್ಲಿ ಕಾಫಿ ದರದ ಕಡೆಗೆ ಹೊರಳುತ್ತದೆ. ಅದರ ಬದಲು ಪ್ರತಿಯೊಬ್ಬರೂ ತಮಗೆ ನಾಟಿದ ಅಥವಾ ಕಿರಿಕಿರಿಯಾದ ಒಂದು ಪ್ಯಾರಾವನ್ನು ಗುರುತುಮಾಡಿಕೊಂಡು ಬಂದು ಓದಲಿ. ಎಲ್ಲರಿಗಿಂತ ಕಡಿಮೆ ಮಾತನಾಡುವವರಿಂದಲೇ ಆರಂಭಿಸಿ. 1834ರಲ್ಲಿ ಇಂಗ್ಲಿಷರು ಪದಚ್ಯುತಗೊಳಿಸಿದ ಕೊಡಗಿನ ದೊರೆಯನ್ನು ಕುರಿತ ಮಾಸ್ತಿಯವರ 'ಚಿಕವೀರ ರಾಜೇಂದ್ರ'ದಂಥ ಕಾದಂಬರಿಯನ್ನು ಎತ್ತಿಕೊಂಡಾಗ ಈ ಕ್ರಮ ಇನ್ನೂ ಅಗತ್ಯ, ಏಕೆಂದರೆ ಇಲ್ಲಿಯ ಓದುಗರು ಮನೆಯ ಹಿರಿಯರಿಂದ ಕೇಳಿದ್ದನ್ನೂ ಪುಟದಲ್ಲಿರುವುದನ್ನೂ ಹೋಲಿಸದೆ ಇರಲಾರರು. ಆ ಚರ್ಚೆಯನ್ನು ತಡೆಯಬೇಡಿ. "ನಿಮಗೆ ಒಪ್ಪಿಗೆಯಾಗದ ಮಾತು ಯಾವ ಪುಟದಲ್ಲಿದೆ, ಓದಿ" ಎಂದಷ್ಟೇ ಕೇಳಿ. ಸಾಲನ್ನು ಎದುರಿಗಿಟ್ಟುಕೊಂಡು ವಾದಿಸುವಾಗ ಸಿಟ್ಟು ಇಳಿದು ಓದು ಮುಂದುವರಿಯುತ್ತದೆ. ಪುಸ್ತಕ ಕನ್ನಡದ್ದಾದರೂ ಮಾತು ಇಲ್ಲಿಯ ಮನೆಮಾತುಗಳಾದ ಕೊಡವ ತಕ್ಕಿಗೋ ಅರೆಭಾಷೆಗೋ ಜಾರಿದರೆ, ಕೂತವರೆಲ್ಲರಿಗೂ ತಿಳಿಯುತ್ತಿರುವಷ್ಟು ಹೊತ್ತು, ಜಾರಲಿ. ಮನಸ್ಸಿನಲ್ಲಿದ್ದದ್ದು ಹೊರಬರುವುದು ಆಗಲೇ.

ತಿಂಡಿಯನ್ನು ಮಿತಿಯಲ್ಲಿಡಿ. ಕಡಂಬುಟ್ಟು, ಪಂದಿ ಕರಿ ಎಂದು ಊಟವೇ ಏರ್ಪಟ್ಟರೆ ಮುಂದಿನ ಸಲ ಕರೆಯಬೇಕಾದವರು ಹಿಂಜರಿಯುತ್ತಾರೆ. ಕಾಫಿಯ ಜೊತೆಗೆ ಒಂದು ಕರಿದ ತಿಂಡಿ ಸಾಲದೆ?

ಮಧ್ಯಾಹ್ನ ಎರಡೂವರೆಗೆ ಸೇರಿ ಐದಕ್ಕೆ ಮುಗಿಸುವುದು ಸರಿ. ಸಿದ್ದಾಪುರ, ಮಾಲ್ದಾರೆ ಕಡೆಯ ತೋಟದ ರಸ್ತೆಗಳಲ್ಲಿ ಮುಸ್ಸಂಜೆಗೆ ಆನೆ ಎದುರಾಗುವ ಅಪಾಯವಿರುವುದರಿಂದ ಆ ಕಡೆಯವರು ಬೆಳಕಿರುವಾಗಲೇ ಹೊರಡಬೇಕು. ಅವರು ಏಳುವ ಮುನ್ನವೇ ಮುಂದಿನ ಮನೆ, ಮುಂದಿನ ಪುಸ್ತಕ, ಮಡಿಕೇರಿಯಿಂದಲೋ ಗೋಣಿಕೊಪ್ಪದಿಂದಲೋ ಪ್ರತಿಗಳನ್ನು ತರುವವರು ಯಾರು ಎಂಬುದನ್ನು ಗೊತ್ತುಮಾಡಿಕೊಳ್ಳಿ.