ರಿಸರ್ವ್ ಸೈನಿಕನ ಡಿಸ್‌ಚಾರ್ಜ್ ದಾಖಲೆ ತಿದ್ದಿಸಿದ್ದು: ನನ್ನ ಅನುಭವ

ಅಮೆರಿಕದ ಆರ್ಮಿ ರಿಸರ್ವ್‌ನಲ್ಲಿ, ಅಂದರೆ ಬೇರೆ ಕೆಲಸದ ಜೊತೆಗೆ ಅರೆಕಾಲಿಕವಾಗಿ ಸೇವೆ ಮಾಡುವ ಸೈನ್ಯದಲ್ಲಿ, ಕನ್ನಡದವರು ಜಾಸ್ತಿ ಸಿಗುವುದಿಲ್ಲ. ಸಿಕ್ಕವರು, ಈಗ ಮಕ್ಕಳನ್ನು ಸೇರಿಸಿರುವ ಕೆಲವು ಅಪ್ಪ ಅಮ್ಮಂದಿರು, ನನ್ನ ಹತ್ತಿರ ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಡಿಸ್‌ಚಾರ್ಜ್ ಪೇಪರ್‌ನಲ್ಲಿ, ಅಂದರೆ ಸೇವೆಯಿಂದ ಬಿಡುವಾಗ ಕೊಡುವ ಕಾಗದದಲ್ಲಿ, ತಪ್ಪಿದ್ದರೆ ಯಾರನ್ನು ಹಿಡಿಯಬೇಕು? ನನ್ನ ದಾಖಲೆಯಲ್ಲಿ ಎರಡು ತಪ್ಪಿದ್ದವು. ಒಂದು ಸಲೀಸಾಗಿ ಸರಿಹೋಯಿತು. ಇನ್ನೊಂದು ವರ್ಷಗಟ್ಟಲೆ ಎಳೆಯಿತು. ಎರಡಕ್ಕೂ ಹೋಗಬೇಕಾದ ಜಾಗವೇ ಬೇರೆ. ಯಾವುದು ಎಲ್ಲಿಗೆ ಅಂತ ತಿಳಿಯದೆ ಸುಮ್ನೆ ಅಲೆಯುವವರನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ರಿಸರ್ವ್‌ನವರ ಪಾಡು ಪೂರ್ಣಾವಧಿ ಸೈನಿಕರದ್ದಕ್ಕಿಂತ ಬೇರೆ. ಅವರಿಗೆ ಸೇವೆ ಮುಗಿದಾಗ ಡಿಡಿ-214 ಅನ್ನುವ ಫಾರ್ಮು ಸಿಗುತ್ತದೆ, ಇಡೀ ಸೇವೆ ಅದರಲ್ಲೇ ಇರುತ್ತದೆ. ನಮಗೆ ತಿಂಗಳಿಗೊಂದು ವಾರಾಂತ್ಯದ ಡ್ರಿಲ್‌ಗೆ ಡಿಡಿ-214 ಇಲ್ಲ. ಶುರುವಿನ ತರಬೇತಿ ಮುಗಿದಾಗ ಒಂದು ಕೊಡುತ್ತಾರೆ. ಆಮೇಲೆ 90 ದಿನ ಅಥವಾ ಅದಕ್ಕಿಂತ ಹೆಚ್ಚು ಒಟ್ಟಿಗೆ ಆಕ್ಟಿವ್ ಡ್ಯೂಟಿ, ಅಂದರೆ ಪೂರ್ಣಾವಧಿ ಸೇವೆ, ಮಾಡಿದಾಗ ಇನ್ನೊಂದು. ಕೊನೆಗೆ ರಿಸರ್ವ್ ಬಿಟ್ಟಾಗ ನನಗೆ ಬಂದದ್ದು ಒಂದು ಆರ್ಡರ್ ಅಷ್ಟೇ. ಹೀಗಾಗಿ ನನ್ನ ಸೇವೆ ಮೂರು ಕಾಗದಗಳಲ್ಲಿ ಹಂಚಿಹೋಗಿತ್ತು. ಮೂರನ್ನೂ ಟೈಪ್ ಮಾಡಿದ್ದು ಬೇರೆ ಬೇರೆ ಕಛೇರಿಗಳು. ಒಂದರಲ್ಲಿ ಏನಿದೆ ಅಂತ ಇನ್ನೊಂದಕ್ಕೆ ಗೊತ್ತಿಲ್ಲ.

ಮೊದಲನೇ ತಪ್ಪು ಇದ್ದದ್ದು ಎರಡನೇ ಡಿಡಿ-214ರಲ್ಲಿ. 2012ರಲ್ಲಿ ನಮ್ಮ ಯೂನಿಟ್ಟನ್ನು ಕುವೈತ್‌ಗೆ ಕಳಿಸಿದರು. ವಾಪಸ್ ಬಂದ ಮೇಲೆ ಬಿಡುಗಡೆ ಕೇಂದ್ರದಲ್ಲಿ ಕರಡು ತೋರಿಸಿದರು. ಬ್ಲಾಕ್ 13ರಲ್ಲಿ, ಅಂದರೆ ಮೆಡಲ್‌ಗಳ ಜಾಗದಲ್ಲಿ, ಆ ಸೇವೆಗೆ ಸಿಗಬೇಕಾದ ಗ್ಲೋಬಲ್ ವಾರ್ ಆನ್ ಟೆರರಿಸಂ ಎಕ್ಸ್‌ಪೆಡಿಷನರಿ ಮೆಡಲ್ ಇರಲಿಲ್ಲ. ವಿದೇಶ ಸೇವೆ ಬರೆಯುವ 12ಎಫ್‌ನಲ್ಲಿ ಬರೀ ಸೊನ್ನೆ. ಷರಾ ಬರೆಯುವ ಬ್ಲಾಕ್ 18ರಲ್ಲಿ ಕುವೈತ್ ಅನ್ನುವ ಹೆಸರೇ ಇಲ್ಲ. ನಾನು ಹೇಳಿದೆ. "ಆಮೇಲೆ ಸೇರಿಸ್ತೀವಿ, ಈಗ ಬಸ್ಸಿದೆ" ಅಂದರು. ಬಸ್ಸು ಹೊರಟಿತು. ಸೇರಿಸಲಿಲ್ಲ.

ಒಂದು ಮೆಡಲ್‌ಗೆ ಇಷ್ಟು ಒದ್ದಾಟ ಯಾಕೆ ಅನ್ನಬಹುದು. ಫೆಡರಲ್ ಸರ್ಕಾರದ ಕೆಲಸಕ್ಕೆ ಅರ್ಜಿ ಹಾಕಿದಾಗ ಯಾಕೆ ಅಂತ ಗೊತ್ತಾಯಿತು. ಮಾಜಿ ಸೈನಿಕರಿಗೆ 5 ಅಂಕದ ಆದ್ಯತೆ ಇದೆ. 2001ರ ಸೆಪ್ಟೆಂಬರ್ 11ರಿಂದ 2010ರ ಆಗಸ್ಟ್ 31ರ ನಡುವೆ ಆಕ್ಟಿವ್ ಡ್ಯೂಟಿಯಲ್ಲಿದ್ದವರಿಗೆ, ಸತತ 180 ದಿನಕ್ಕಿಂತ ಹೆಚ್ಚು ಸೇವೆ ಇದ್ದರೆ ಸಾಕು. ನನ್ನದು 2012. ಆ ಅವಧಿ ಮುಗಿದುಹೋಗಿತ್ತು. ಅದಾದ ಮೇಲೆ ಹೋದವರಿಗೆ ಕ್ಯಾಂಪೇನ್ ಅಥವಾ ಎಕ್ಸ್‌ಪೆಡಿಷನರಿ ಮೆಡಲ್ಲೇ ಆಧಾರ. ಬ್ಲಾಕ್ 13ರಲ್ಲಿ ಆ ಒಂದು ಸಾಲು ಇಲ್ಲದಿದ್ದರೆ ಆ 5 ಅಂಕವೂ ಇಲ್ಲ. ಅಲ್ಲಿನ ಸಿಬ್ಬಂದಿ ವಿಭಾಗದವರು ಮರ್ಯಾದೆಯಿಂದಲೇ ಹೇಳಿದರು, ದಾಖಲೆಯಲ್ಲಿ ಕಾಣದೆ ಇರುವುದನ್ನು ನಾವು ಲೆಕ್ಕಕ್ಕೆ ತಗೊಳ್ಳೋಕಾಗಲ್ಲ ಅಂತ.

ಇದು ಅಭಿಪ್ರಾಯದ ಜಗಳ ಅಲ್ಲ. ನಾನು ಕುವೈತ್‌ನಲ್ಲಿದ್ದೆನೋ ಇಲ್ಲವೋ, ಅಷ್ಟೇ. ಇಂಥದ್ದಕ್ಕೆ ಅರ್ಜಿ ವಿಚಾರಿಸಿ ತೀರ್ಪು ಕೊಡುವ ಬೋರ್ಡು ಬೇಕಾಗಿಲ್ಲ. ಆರ್ಮಿಯವರಾದರೆ ಕೆಂಟಕಿಯ ಫೋರ್ಟ್ ನಾಕ್ಸ್‌ನಲ್ಲಿರುವ ಹ್ಯೂಮನ್ ರಿಸೋರ್ಸಸ್ ಕಮಾಂಡ್ ದಾಖಲೆ ನೋಡಿ ತಿದ್ದುತ್ತದೆ. ನಾನು ಒಂದೇ ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿದೆ: ಯಾವ ಬ್ಲಾಕ್, ಈಗ ಏನಿದೆ, ಏನಿರಬೇಕು, ಅದಕ್ಕೆ ಯಾವ ಪುರಾವೆ. ಕಥೆ ಬರೆಯಲಿಲ್ಲ. ಓದುವ ಕ್ಲರ್ಕಿನ ಮುಂದೆ ಇಂಥ ಫೈಲುಗಳ ರಾಶಿಯೇ ಇರುತ್ತದೆ.

ಪುರಾವೆಗೆ ಮೊಬಿಲೈಸೇಶನ್ ಆರ್ಡರ್, ಅಂದರೆ ಸೇವೆಗೆ ಕರೆದ ಆದೇಶ, ಇಟ್ಟೆ. ಆದರೆ ಆರ್ಡರ್ ಹೇಳುವುದು ಹೋಗು ಅಂತ. ಹೋಗಿದ್ದೆ ಅಂತ ಅದು ಹೇಳುವುದಿಲ್ಲ. ನನ್ನ ಕೈ ಹಿಡಿದದ್ದು ಎಲ್‌ಇಎಸ್, ಅಂದರೆ ಸಂಬಳದ ಚೀಟಿ. ಅಪಾಯದ ಪ್ರದೇಶದಲ್ಲಿದ್ದವರಿಗೆ ತಿಂಗಳಿಗೆ 225 ಡಾಲರ್‌ವರೆಗೆ ಹೆಚ್ಚುವರಿ ಭತ್ಯೆ ಸಿಗುತ್ತದೆ. 2012ರಿಂದ ಅದನ್ನು ದಿನಕ್ಕೆ ಏಳೂವರೆ ಡಾಲರ್ ಲೆಕ್ಕದಲ್ಲಿ ಕೊಡಲು ಶುರುಮಾಡಿದರು. ಹಾಗಾಗಿ ಮೊದಲ ತಿಂಗಳ ಮತ್ತು ಕೊನೆಯ ತಿಂಗಳ ಚೀಟಿ ನೋಡಿದರೆ ಎಷ್ಟು ದಿನ ಅಲ್ಲಿದ್ದೆ ಅಂತ ಭಾಗಿಸಿ ಹೇಳಬಹುದು. ಅಳಿಸಲಾಗದ ಹಾಜರಿ ಅದು! ಜೊತೆಗೆ ಪ್ರಯಾಣದ ಭತ್ಯೆಗೆ ತುಂಬಿದ್ದ ಡಿಡಿ-1351-2 ಫಾರ್ಮು ಸೇರಿಸಿದೆ. ಅದರಲ್ಲಿ ಯಾವ ದಿನ ಎಲ್ಲಿಂದ ಹೊರಟೆ, ಎಲ್ಲಿ ಇಳಿದೆ, ಎಲ್ಲ ಇತ್ತು.

ಉತ್ತರವಾಗಿ ಬಂದದ್ದು ಡಿಡಿ-215. ಇದನ್ನು ನೋಡಿ ಕೆಲವರು ಗಾಬರಿಯಾಗುತ್ತಾರೆ, ಹೊಸ ಡಿಡಿ-214 ಯಾಕೆ ಕೊಡಲಿಲ್ಲ ಅಂತ. ಸಾಮಾನ್ಯವಾಗಿ ಹಳೆಯದನ್ನು ಮತ್ತೆ ಬರೆಯುವುದಿಲ್ಲ. ಯಾವ ಬ್ಲಾಕಿನಲ್ಲಿ ಏನು ಸೇರಿಸಿದರು, ಏನು ತೆಗೆದರು ಅನ್ನುವ ತಿದ್ದುಪಡಿ ಹಾಳೆಯೇ ಡಿಡಿ-215. ಎರಡನ್ನೂ ಒಂದೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಬೇರೆ ಬೇರೆ ಕಳಿಸಿದರೆ ಕೆಲಸ ಕೊಡುವವರು ಎರಡನೆಯದನ್ನು ತೆರೆದೂ ನೋಡುವುದಿಲ್ಲ. ಇನ್ನೊಂದು ಮಾತು. ಮೆಂಬರ್-4 ಅನ್ನುವ ಉದ್ದನೆಯ ಪ್ರತಿಯನ್ನೇ ಕೊಡಿ. ಮೆಂಬರ್-1ರಲ್ಲಿ ಡಿಸ್‌ಚಾರ್ಜ್ ಯಾವ ದರ್ಜೆಯದು, ಯಾಕೆ ಬಿಟ್ಟರು ಅನ್ನುವ ಸಾಲುಗಳೇ ಇರುವುದಿಲ್ಲ.

ಎರಡನೇ ತಪ್ಪು ಬಗೆಹರಿಯಲು ತುಂಬಾ ಸಮಯ ಹಿಡಿಯಿತು.

ಕುವೈತ್‌ನಿಂದ ಬಂದ ಮೇಲೆ ಕೆಲಸಕ್ಕಾಗಿ ಬೇರೆ ರಾಜ್ಯಕ್ಕೆ ಹೋದೆ. ಅಲ್ಲಿನ ಯೂನಿಟ್ಟಿಗೆ ಸೇರಿಸಿಕೊಳ್ಳಿ ಅಂತ ಡಿಎ-4651 ಫಾರ್ಮು ತುಂಬಿ ಕೊಟ್ಟೆ. ಹೊಸ ಯೂನಿಟ್ಟಿನವರು ಜಾಗ ಇದೆ ಅಂತ ಇಮೇಲ್ ಮಾಡಿದರು. ಹಳೆಯ ಯೂನಿಟ್ಟಿನಲ್ಲಿ ಆ ಫಾರ್ಮು ಯಾರದೋ ಮೇಜಿನ ಮೇಲೇ ಉಳಿಯಿತು. ಅಲ್ಲಿನ ಹಾಜರಿ ಪಟ್ಟಿಯಲ್ಲಿ ಮಾತ್ರ ನನ್ನ ಹೆಸರು ಮುಂದುವರಿಯಿತು, ಮುಂದೆ ಗೈರು ಅಂತ ಬಿತ್ತು. ಒಂದು ಡ್ರಿಲ್ ವಾರಾಂತ್ಯ ಅಂದರೆ ನಾಲ್ಕು ಹಾಜರಿ. ಒಂದು ವರ್ಷದೊಳಗೆ ಕಾರಣವಿಲ್ಲದ ಗೈರು ಒಂಬತ್ತಾದರೆ 'ಅನ್‌ಸ್ಯಾಟಿಸ್‌ಫ್ಯಾಕ್ಟರಿ ಪಾರ್ಟಿಸಿಪಂಟ್', ಅಂದರೆ ಸರಿಯಾಗಿ ಹಾಜರಾಗದವನು, ಅನ್ನಬಹುದು. ಮೂರು ವಾರಾಂತ್ಯಕ್ಕೇ ಗಡಿ ದಾಟಿಬಿಡುತ್ತದೆ. ಕೊನೆಗೆ ಬಂದ ಡಿಸ್‌ಚಾರ್ಜ್ ಆರ್ಡರ್‌ನಲ್ಲಿ ಆನರಬಲ್ ಅಂತ ಇರಬೇಕಾದ ಕಡೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ 'ಜನರಲ್, ಅಂಡರ್ ಆನರಬಲ್ ಕಂಡಿಷನ್ಸ್' ಅಂತ ಇತ್ತು.

ಅರ್ಜಿ ಹಾಕುವ ಮುಂಚೆ ಒಂದು ವಿಷಯ ತಿಳಿದುಕೊಂಡೆ, ಅದರಿಂದ ಸ್ವಲ್ಪ ಧೈರ್ಯ ಬಂತು. ಪೋಸ್ಟ್-9/11 ಜಿಐ ಬಿಲ್‌ಗೆ, ಅಂದರೆ ಮಾಜಿ ಸೈನಿಕರ ಓದಿಗೆ ನೆರವು ಕೊಡುವ ಯೋಜನೆಗೆ, ಆನರಬಲ್ ಬೇಕು, ಜನರಲ್ ಸಾಲದು. ಆದರೆ ಪ್ರತಿ ಸೇವಾ ಅವಧಿಯನ್ನೂ ಬೇರೆಯಾಗಿ ನೋಡುತ್ತಾರೆ. 2012ರ ಡಿಡಿ-214ರಲ್ಲಿ ಆನರಬಲ್ ಅಂತಲೇ ಇತ್ತು. ಆ ಅವಧಿಯ ಸೌಲಭ್ಯ ನನ್ನ ಕೈ ತಪ್ಪಿರಲಿಲ್ಲ. ಜನರಲ್ ಅಂತ ನೋಡಿದ ತಕ್ಷಣ ಎಲ್ಲಾ ಹೋಯಿತು ಅಂದುಕೊಳ್ಳುವವರು ಬಹಳ, ನಿಮ್ಮ ಹಳೆಯ ಕಾಗದಗಳನ್ನೂ ತೆಗೆದು ನೋಡಿ.

ಡಿಸ್‌ಚಾರ್ಜ್ ದರ್ಜೆ ಬದಲಿಸುವುದು ಡಿಸ್‌ಚಾರ್ಜ್ ರಿವ್ಯೂ ಬೋರ್ಡ್. ಫಾರ್ಮು ಡಿಡಿ-293. ಡಿಸ್‌ಚಾರ್ಜ್ ಆಗಿ 15 ವರ್ಷದೊಳಗೆ ಹಾಕಬೇಕು. ಶುಲ್ಕ ಇಲ್ಲ. ಅಮೆರಿಕನ್ ಲೀಜನ್, ಡಿಎವಿಯಂಥ ಮಾಜಿ ಸೈನಿಕರ ಸಂಘಗಳು ಪುಕ್ಕಟೆ ಸಹಾಯ ಮಾಡುತ್ತವೆ. ವಕೀಲರನ್ನು ಇಟ್ಟುಕೊಂಡರೂ ಸರಿ, ಆದರೆ ಮೊದಲ ದಿನವೇ ದುಡ್ಡು ಕೊಟ್ಟು ಓಡಬೇಕಾಗಿಲ್ಲ. ಬೋರ್ಡು ಎರಡು ಪ್ರಶ್ನೆ ಕೇಳುತ್ತದೆ: ನಿಯಮದಂತೆ ನಡೆಯಿತಾ? ನ್ಯಾಯವಾಗಿತ್ತಾ? ಎರಡಕ್ಕೂ ಉತ್ತರ ಬರೆಯಿರಿ. ಬರೀ "ನನಗೆ ಅನ್ಯಾಯವಾಯಿತು" ಅಂದರೆ ಮೊದಲನೆಯದು ಖಾಲಿ ಉಳಿಯುತ್ತದೆ. ಪಿಟಿಎಸ್‌ಡಿ (ಆಘಾತದಿಂದ ಬರುವ ಮಾನಸಿಕ ತೊಂದರೆ) ಅಥವಾ ತಲೆಗೆ ಬಿದ್ದ ಪೆಟ್ಟು ಕಾರಣವಾಗಿದ್ದರೆ 2014 ಮತ್ತು 2017ರ ರಕ್ಷಣಾ ಇಲಾಖೆಯ ಸೂಚನೆಗಳು ಇಂಥವರ ಅರ್ಜಿಯನ್ನು ಉದಾರವಾಗಿ ನೋಡಿ ಅನ್ನುತ್ತವೆ. ನನ್ನದು ಅಂಥದ್ದಾಗಿರಲಿಲ್ಲ.

ಬೋರ್ಡಿನ ಮುಂದೆ ಹೋಗಲು ಎರಡು ದಾರಿ ಇದೆ. ಕಾಗದ ನೋಡಿ ತೀರ್ಮಾನಿಸಿ ಅನ್ನಬಹುದು, ಇಲ್ಲವೇ ಎದುರು ಕೂತು ಮಾತಾಡುತ್ತೇನೆ ಅನ್ನಬಹುದು. ಮೊದಲು ಕಾಗದದ ದಾರಿ ಹಿಡಿಯಿರಿ, ಅಲ್ಲಿ ಆಗಲಿಲ್ಲ ಅಂದರೆ ಹಿಯರಿಂಗ್ ಕೇಳುವ ಅವಕಾಶ ಇನ್ನೂ ಇರುತ್ತದೆ. ಮೊದಲೇ ಹಿಯರಿಂಗ್‌ಗೆ ಹೋದರೆ ಈ ಎರಡನೇ ಅವಕಾಶ ಸಿಗುವುದಿಲ್ಲ. ನಾನೂ ಮೊದಲು ಕಾಗದದ ದಾರಿಯನ್ನೇ ಹಿಡಿದೆ. ಕಾಗದದ ಸುತ್ತಿನಲ್ಲಿ ಸೋತೆ.

ಸೋಲಿಗೆ ಕಾರಣ ಪತ್ರದಲ್ಲೇ ಇತ್ತು. ಅಧಿಕಾರಿಗಳು ನಿಯಮದಂತೆ ಕೆಲಸ ಮಾಡಿದ್ದಾರೆ ಅನ್ನುವ ನಂಬಿಕೆಯಿಂದಲೇ ಬೋರ್ಡು ಶುರುಮಾಡುತ್ತದೆ. ಅದನ್ನು ಮುರಿಯುವ ಹೊಣೆ ನಮ್ಮದು. ಗೈರಿನ ಬಗ್ಗೆ ಪತ್ರ ಕಳಿಸಿದ್ದೇವೆ ಅಂತ ಯೂನಿಟ್ ಬರೆದಿತ್ತು. ನನಗೆ ಬರಲಿಲ್ಲ ಅಂತ ನಾನು ಬರೆದಿದ್ದೆ. ಇಷ್ಟೇ ಇದ್ದರೆ ಬೋರ್ಡು ಯೂನಿಟ್ಟನ್ನೇ ನಂಬುತ್ತದೆ. ರಿಸರ್ವ್‌ನ ನಿಯಮವೂ ಗಟ್ಟಿಯಾಗಿದೆ. ಸೈನಿಕ ಕೊಟ್ಟ ಕೊನೆಯ ವಿಳಾಸಕ್ಕೆ ಸರಿಯಾಗಿ ಕಳಿಸಿದ ಪತ್ರ ವಾಪಸ್ ಬಂದರೂ, ಸಿಗಲಿಲ್ಲ ಅನ್ನುವ ನೆಪ ನಡೆಯುವುದಿಲ್ಲ. ಅಂದರೆ ಎಲ್ಲಾ ನಿಂತಿದ್ದು ಆ 'ಕೊನೆಯ ವಿಳಾಸ' ಯಾವುದು ಅನ್ನುವುದರ ಮೇಲೆ.

ಹಿಯರಿಂಗ್‌ಗೆ ತಯಾರಾಗಲು, ನಮ್ಮ ಬಗ್ಗೆ ಸರ್ಕಾರದ ಹತ್ತಿರ ಇರುವ ದಾಖಲೆ ಕೇಳಲು ಬಿಡುವ ಪ್ರೈವಸಿ ಆಕ್ಟ್ ಅಡಿ ಡಿಸ್‌ಚಾರ್ಜ್‌ನ ಪೂರ್ತಿ ಫೈಲು ಕೇಳಿದೆ. ಬಂದ ಕಟ್ಟಿನಲ್ಲಿ ಲಕೋಟೆಗಳ ಜೆರಾಕ್ಸ್ ಇತ್ತು. ಮೇಲೆ ಹಳೆಯ ಮನೆಯ ವಿಳಾಸ, ಅಂಚೆಯವರ 'ರಿಟರ್ನ್ ಟು ಸೆಂಡರ್' ಮುದ್ರೆ, ದಿನಾಂಕ ಮಾರ್ಚ್ ತಿಂಗಳದ್ದು. ನನ್ನ ಹತ್ತಿರ ಅದೇ ವರ್ಷದ ಜನವರಿಯಲ್ಲಿ ಬಂದ ಡಬ್ಲ್ಯೂ-2 ಇತ್ತು, ತೆರಿಗೆಗೆ ಸೈನ್ಯದ ಸಂಬಳ ವಿಭಾಗ ಕಳಿಸುವ ಫಾರ್ಮು. ಅದರ ಮೇಲೆ ಹೊಸ ವಿಳಾಸ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ಹಾಳೆಯಲ್ಲಿ ಸ್ಕ್ಯಾನ್ ಮಾಡಿದೆ. ಜನವರಿಯಲ್ಲಿ ಸಂಬಳದವರಿಗೆ ನನ್ನ ಮನೆ ಗೊತ್ತು. ಮಾರ್ಚ್‌ನಲ್ಲಿ ಯೂನಿಟ್ಟಿಗೆ ಗೊತ್ತಿಲ್ಲ. ವಿಳಾಸ ಬದಲಾಗಿದೆ ಅಂತ ಯೂನಿಟ್ಟಿಗೆ ಮಾಡಿದ್ದ ಇಮೇಲ್ ಕೂಡ ದಿನಾಂಕದ ಸಮೇತ ಸೇರಿಸಿದೆ. ನನ್ನ ಜೊತೆಗಿದ್ದ ಸಾರ್ಜೆಂಟ್ ಒಬ್ಬರು ಹೇಳಿಕೆ ಬರೆದುಕೊಟ್ಟರು. "ಒಳ್ಳೆ ಹುಡುಗ ಅಂತ ಬರೀಬೇಡಿ ಸಾರ್, ನೀವು ಕಣ್ಣಾರೆ ಕಂಡದ್ದು ಮಾತ್ರ ಬರೀರಿ" ಅಂದಿದ್ದೆ. ಟ್ರಾನ್ಸ್‌ಫರ್ ಫಾರ್ಮು ಆಫೀಸಿನಲ್ಲಿ ಕೊಟ್ಟದ್ದನ್ನು ಅವರು ನೋಡಿದ್ದರು. ಅಷ್ಟೇ ಬರೆದರು. ಅದು ಹೊಗಳಿಕೆಗಿಂತ ಹೆಚ್ಚು ಕೆಲಸಕ್ಕೆ ಬಂತು.

ಹಿಯರಿಂಗ್ ವಿಡಿಯೋದಲ್ಲಿ ನಡೆಯಿತು. ಐದು ಜನ ಸದಸ್ಯರು, ಬಹುಮತದ ತೀರ್ಪು. ಪ್ರಮಾಣ ಮಾಡಿಸಿದರು. ಒಬ್ಬರು ನೇರವಾಗಿ ಕೇಳಿದರು: ವರ್ಗಾವಣೆ ಆಗುವವರೆಗೆ ಹಳೆಯ ಡ್ರಿಲ್‌ಗೇ ಹೋಗಬಹುದಿತ್ತಲ್ಲ? ನ್ಯಾಯವಾದ ಪ್ರಶ್ನೆ. ದೂರ ಎಷ್ಟು, ಹೊಸ ಯೂನಿಟ್ಟಿನ ಇಮೇಲ್ ಯಾವ ದಿನ ಬಂತು, ಅದಾದ ಮೇಲೆ ಹಳೆಯವರು ಉತ್ತರ ಕೊಡುವುದನ್ನು ಯಾವಾಗ ನಿಲ್ಲಿಸಿದರು, ದಿನಾಂಕ ಹಿಡಿದು ಹೇಳಿದೆ. ಹಳೆಯ ಕಮಾಂಡರ್ ಮೇಲೆ ಒಂದು ಮಾತೂ ಆಡಲಿಲ್ಲ. ಆ ಸದಸ್ಯರಲ್ಲೂ ಹಲವರು ಒಂದು ಕಾಲದಲ್ಲಿ ಕಮಾಂಡರ್‌ಗಳೇ ಆಗಿದ್ದಿರಬೇಕು ಅಲ್ವಾ.

ಕೆಲವು ತಿಂಗಳ ನಂತರ ತೀರ್ಪು ಬಂತು. ದರ್ಜೆ ಆನರಬಲ್ ಆಯಿತು, ಕಾರಣದ ಸಾಲೂ ಬದಲಾಯಿತು. ಹೊಸ ಆರ್ಡರ್ ಬಂತು. ಆದರೆ ಬೇರೆ ಯಾವ ಇಲಾಖೆಯೂ ತಾನಾಗಿ ತಿದ್ದಿಕೊಳ್ಳುತ್ತದೆ ಅಂತ ಕಾಯಬೇಡಿ. ಮಾಜಿ ಸೈನಿಕರ ಇಲಾಖೆಯಾದ ವಿಎಗೂ ನಾನೇ ಪ್ರತಿ ಕಳಿಸಿದೆ.

ಈಚೆಗೆ ನ್ಯಾಷನಲ್ ಗಾರ್ಡ್‌ನಲ್ಲಿರುವ (ಅದು ರಾಜ್ಯಗಳ ಅರೆಕಾಲಿಕ ಸೈನ್ಯ) ನಮ್ಮ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ನನಗೆ ಡಿಡಿ-214 ಕೊಟ್ಟೇ ಇಲ್ಲ, ಎನ್‌ಜಿಬಿ-22 ಅಂತ ಏನೋ ಕೊಟ್ಟಿದ್ದಾರೆ" ಅಂದ. ಗಾರ್ಡ್‌ನವರಿಗೆ ಅದೇ ಸರಿಯಾದ ಕಾಗದ. ಅದರಲ್ಲಿ ಸಣ್ಣ ತಪ್ಪಿದ್ದರೆ ಆಯಾ ರಾಜ್ಯದ ಗಾರ್ಡ್ ಕಛೇರಿಗೆ ಮೊದಲು ಬರೆಯಬೇಕು, ತಿದ್ದುಪಡಿ ಎನ್‌ಜಿಬಿ-22ಎ ಆಗಿ ಬರುತ್ತದೆ.

ನನ್ನದರಲ್ಲಿ ಸರಿಯಾಗದೆ ಉಳಿದದ್ದು ಒಂದಿದೆ. ಗೈರು ಅಂತ ಬಿದ್ದ ಆ ವರ್ಷ, ಡ್ರಿಲ್ ಮತ್ತು ಸೇವೆಗೆ ಸಿಗುವ ಪಾಯಿಂಟ್ ನನಗೆ 50 ಆಗಲಿಲ್ಲ. 50 ಇಲ್ಲದ ವರ್ಷ ನಿವೃತ್ತಿಯ 20 ವರ್ಷದ ಲೆಕ್ಕಕ್ಕೆ ಬರುವುದಿಲ್ಲ. ಪಾಯಿಂಟ್ ವಾಪಸ್ ಕೊಡುವ ಅಧಿಕಾರ ರಿವ್ಯೂ ಬೋರ್ಡಿಗಿಲ್ಲ. ಅದಕ್ಕೆ ಡಿಡಿ-149 ಫಾರ್ಮು ಹಾಕಿ, ದಾಖಲೆ ತಿದ್ದುವ ಕರೆಕ್ಷನ್ ಬೋರ್ಡಿಗೆ ಹೋಗಬೇಕು. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಹಾಕಬೇಕು, ತಡವಾದರೆ ನ್ಯಾಯದ ದೃಷ್ಟಿಯಿಂದ ಬೋರ್ಡು ವಿನಾಯಿತಿ ಕೊಡಬಹುದು. ನಾನು ಹಾಕಲಿಲ್ಲ. 20 ವರ್ಷದ ಹತ್ತಿರಕ್ಕೂ ನಾನು ಬಂದಿರಲಿಲ್ಲ, ಆ ಪಾಯಿಂಟ್ ಸಿಕ್ಕರೂ ನನಗೆ ಉಪಯೋಗವಿಲ್ಲ. ನಿಮ್ಮದು 17, 18 ವರ್ಷ ಆಗಿದ್ದರೆ ಮಾತ್ರ ಲೆಕ್ಕವೇ ಬೇರೆ, ಆ ಒಂದು ವರ್ಷಕ್ಕಾಗಿಯೇ ಅರ್ಜಿ ಹಾಕಿ.