ಕ್ಯಾಮೆರಾದ ಚಿತ್ರಗಳು ಕಂಪ್ಯೂಟರಿಗೆ ಇಳಿಯದಿದ್ದಾಗ

ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೊಡನೆ ‘ಈ ಡಿಸ್ಕನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂಬ ಅರ್ಥದ ಸಂದೇಶ ಪರದೆಯ ಮೇಲೆ ಮೂಡಿದರೆ, ಒತ್ತಬೇಕಾದ ಗುಂಡಿ ‘ಕ್ಯಾನ್ಸಲ್’. ಫಾರ್ಮ್ಯಾಟ್ ಎಂದರೆ ಕಾರ್ಡನ್ನು ಖಾಲಿ ಮಾಡಿ ಹೊಸದಾಗಿ ಸಜ್ಜುಗೊಳಿಸುವುದು. ಕಾರ್ಡಿನಲ್ಲಿರುವ ಮಾಹಿತಿಯ ಜೋಡಣೆ ತನಗೆ ಓದಲು ಬರುತ್ತಿಲ್ಲ ಎಂದಷ್ಟೇ ವಿಂಡೋಸ್ ಇಲ್ಲಿ ಹೇಳುತ್ತಿದೆ; ಚಿತ್ರಗಳು ಬಹುತೇಕ ಇದ್ದಲ್ಲೇ ಇರುತ್ತವೆ. ಆದ್ದರಿಂದ ಚಿತ್ರಗಳ ನಕಲು ಕೈಗೆ ಸಿಗುವವರೆಗೆ ಆ ಕಾರ್ಡಿನಲ್ಲಿ ಹೊಸ ಚಿತ್ರ ತೆಗೆಯಬಾರದು, ಏನನ್ನೂ ಅಳಿಸಬಾರದು, ‘ಸರಿಪಡಿಸುತ್ತೇನೆ’ ಎನ್ನುವ ಯಾವ ತಂತ್ರಾಂಶಕ್ಕೂ ಅದರ ಮೇಲೆ ಬರೆಯಲು ಅನುಮತಿ ಕೊಡಬಾರದು. ಮುಂದೆ ಹೇಳುವ ಎಲ್ಲ ಹಂತಗಳೂ ಈ ಒಂದು ನಿಯಮಕ್ಕೆ ಒಳಪಟ್ಟಿವೆ.

ತೋಟಕ್ಕೆ ನೀರು ಬಾರದಿದ್ದರೆ ಕಾಲುವೆಯುದ್ದಕ್ಕೂ ನಡೆದು ಎಲ್ಲಿ ಕಟ್ಟಿಕೊಂಡಿದೆ ಎಂದು ನೋಡುತ್ತೇವಲ್ಲ, ಇಲ್ಲಿಯೂ ಕ್ರಮ ಅದೇ. ಚಿತ್ರವೊಂದು ಕಾರ್ಡಿನಿಂದ ಹೊರಟು ಕ್ಯಾಮೆರಾ, ಕೇಬಲ್, ಯುಎಸ್‌ಬಿ ಪೋರ್ಟ್, ವಿಂಡೋಸ್, ಚಿತ್ರ ಇಳಿಸುವ ತಂತ್ರಾಂಶ ಇವುಗಳನ್ನು ದಾಟಿ ಕೊನೆಗೆ ಒಂದು ಫೋಲ್ಡರನ್ನು ಸೇರುತ್ತದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಬೇಕು. ಕೇಬಲ್, ಪೋರ್ಟ್, ತಂತ್ರಾಂಶ ಮೂರನ್ನೂ ಒಟ್ಟಿಗೆ ಬದಲಿಸಿದರೆ ಕೆಲಸ ಆದರೂ ಆಗಬಹುದು, ಆದರೆ ದೋಷ ಎಲ್ಲಿತ್ತು ಎಂಬುದು ತಿಳಿಯುವುದಿಲ್ಲ, ಮುಂದಿನ ತಿಂಗಳು ಅದೇ ತೊಂದರೆ ಮತ್ತೆ ಎದುರಾಗುತ್ತದೆ.

ಮೊದಲು ಕ್ಯಾಮೆರಾ, ಆಮೇಲೆ ಕೇಬಲ್

ಕಾರ್ಡನ್ನು ಕ್ಯಾಮೆರಾದಲ್ಲೇ ಇಟ್ಟು, ತೆಗೆದ ಚಿತ್ರಗಳನ್ನು ತೋರಿಸುವ ಗುಂಡಿಯನ್ನು ಒತ್ತಿ ನೋಡಿ. ಚಿತ್ರಗಳು ಕ್ಯಾಮೆರಾದ ಪರದೆಯಲ್ಲಿ ಸರಿಯಾಗಿ ಕಾಣುತ್ತಿದ್ದರೆ ಕಾರ್ಡಿನ ಬಗ್ಗೆ ಹೆಚ್ಚು ಚಿಂತಿಸಬೇಕಾಗಿಲ್ಲ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಕೊಳ್ಳಿ. ಬಳಸದಿದ್ದರೆ ಒಂದೆರಡು ನಿಮಿಷದಲ್ಲಿ ತಾನಾಗಿಯೇ ಆರಿಹೋಗುವ ವ್ಯವಸ್ಥೆ ಕ್ಯಾಮೆರಾಗಳಲ್ಲಿ ಇರುತ್ತದೆ. ವರ್ಗಾವಣೆ ಅರ್ಧಕ್ಕೆ ನಿಲ್ಲುತ್ತಿದ್ದರೆ ಮೆನುವಿಗೆ ಹೋಗಿ ಆ ಅವಧಿಯನ್ನು ಹೆಚ್ಚಿಸಿ. ಕೆಲವು ಕ್ಯಾಮೆರಾಗಳಲ್ಲಿ ವೈಫೈ ಚಾಲೂ ಇದ್ದಾಗ ಯುಎಸ್‌ಬಿ ಸಂಪರ್ಕ ಕೆಲಸ ಮಾಡುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಕ್ಯಾಮೆರಾವನ್ನು ಜೋಡಿಸಿದಾಗ ಕಂಪ್ಯೂಟರ್ ಯಾವ ಸದ್ದನ್ನೂ ಮಾಡದೆ ಸುಮ್ಮನಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕೇಬಲನ್ನು. ಯುಎಸ್‌ಬಿ ಕೇಬಲಿನೊಳಗೆ ವಿದ್ಯುತ್ತಿಗೆ ಬೇರೆ ತಂತಿಗಳು, ಮಾಹಿತಿಗೆ ಬೇರೆ ತಂತಿಗಳು ಇರುತ್ತವೆ. ಅಗ್ಗದ ಪವರ್ ಬ್ಯಾಂಕು, ದೀಪ, ಇಯರ್‌ಫೋನುಗಳ ಜೊತೆ ಬರುವ ಎಷ್ಟೋ ಕೇಬಲುಗಳಲ್ಲಿ ಮಾಹಿತಿಯ ತಂತಿಗಳೇ ಇರುವುದಿಲ್ಲ. ತುದಿ ಸರಿಹೊಂದಿತು, ಚಾರ್ಜ್ ಆಗುವ ದೀಪವೂ ಹೊತ್ತಿತು ಎಂದ ಮಾತ್ರಕ್ಕೆ ಅದರಲ್ಲಿ ಚಿತ್ರ ಹರಿಯುತ್ತದೆಂದು ನಂಬುವಂತಿಲ್ಲ. ಮೊಬೈಲಿನಿಂದ ಕಂಪ್ಯೂಟರಿಗೆ ಕಡತಗಳನ್ನು ಸಾಗಿಸಿ ಪರೀಕ್ಷಿಸಿದ ಕೇಬಲನ್ನೇ ಬಳಸಿ. ಡೆಸ್ಕ್‌ಟಾಪ್ ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟುಗಳು ಒಳಗೊಂದು ಸಣ್ಣ ತಂತಿಯ ಮೂಲಕ ಮದರ್‌ಬೋರ್ಡನ್ನು ಸೇರುತ್ತವೆ, ಆ ತಂತಿ ಸಡಿಲವಾಗಿರುವುದು ಅಪರೂಪವೇನಲ್ಲ. ಹಾಗಾಗಿ ಒಂದು ಪೋರ್ಟನ್ನು ಹಲವಾಗಿಸುವ ಹಬ್ ಬಿಟ್ಟು, ಮುಂಭಾಗದ ಪೋರ್ಟನ್ನೂ ಬಿಟ್ಟು, ಹಿಂಭಾಗದ ಪೋರ್ಟಿಗೆ ನೇರವಾಗಿ ಜೋಡಿಸಿ ನೋಡುವುದು ಲೇಸು.

ಇನ್ನೊಂದು ಸ್ಥಿತಿಯೂ ಉಂಟು. ಕ್ಯಾಮೆರಾದ ಹೆಸರು ‘ದಿಸ್ ಪಿಸಿ’ಯಲ್ಲಿ ಕಾಣುತ್ತದೆ, ಆದರೆ ಪೆನ್‌ಡ್ರೈವಿಗೆ ಸಿಗುವಂತೆ ಅದಕ್ಕೊಂದು ಡ್ರೈವ್ ಅಕ್ಷರ ಸಿಗುವುದಿಲ್ಲ, ಕೆಲವು ತಂತ್ರಾಂಶಗಳಿಗೆ ಅದು ಕಾಣಿಸುವುದೂ ಇಲ್ಲ. ಇದು ದೋಷವಲ್ಲ. ಈಗಿನ ಬಹುಪಾಲು ಕ್ಯಾಮೆರಾಗಳು ಪಿಟಿಪಿ ಅಥವಾ ಎಂಟಿಪಿ ಎಂಬ ವಿಧಾನದಲ್ಲಿ ಮಾತಾಡುತ್ತವೆ. ಅದರಲ್ಲಿ ಕಂಪ್ಯೂಟರು ಕಾರ್ಡನ್ನು ನೇರವಾಗಿ ಮುಟ್ಟುವುದಿಲ್ಲ. ‘ಇಂಥ ಚಿತ್ರ ಕೊಡು’ ಎಂದು ಕ್ಯಾಮೆರಾವನ್ನು ಕೇಳಿ ಪಡೆಯುತ್ತದೆ. ಕ್ಯಾಮೆರಾದ ಮೆನುವಿನಲ್ಲಿ ಯುಎಸ್‌ಬಿ ಸಂಪರ್ಕದ ಬಗೆಯನ್ನು ‘ಮಾಸ್ ಸ್ಟೋರೇಜ್’ ಎಂದು ಬದಲಿಸುವ ಅವಕಾಶವಿದ್ದರೆ ಬದಲಿಸಿ ನೋಡಬಹುದು. ಹೆಸರೂ ಕಾಣದಿದ್ದರೆ ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಹಳದಿ ಗುರುತಿನೊಂದಿಗೆ ಕ್ಯಾಮೆರಾ ಅಲ್ಲಿ ಕಂಡರೆ ಅದನ್ನು ‘ಅನ್‌ಇನ್‌ಸ್ಟಾಲ್’ ಮಾಡಿ, ಕೇಬಲ್ ಕಿತ್ತು ಮತ್ತೆ ಜೋಡಿಸಿದಾಗ ವಿಂಡೋಸ್ ಅದರ ಡ್ರೈವರನ್ನು (ಸಾಧನವನ್ನು ನಡೆಸುವ ತಂತ್ರಾಂಶವನ್ನು) ಹೊಸದಾಗಿ ಹಾಕಿಕೊಳ್ಳುತ್ತದೆ.

ಕೇಬಲ್ ಬಿಡಿ, ಕಾರ್ಡ್ ತೆಗೆಯಿರಿ

ಇಷ್ಟೆಲ್ಲ ಬರೆದ ಮೇಲೆ ನನ್ನ ಸ್ವಂತ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ: ಕೇಬಲಿನ ಜೊತೆ ಕಾಲು ಗಂಟೆಗಿಂತ ಹೆಚ್ಚು ಗುದ್ದಾಡುವುದು ವ್ಯರ್ಥ. ಕ್ಯಾಮೆರಾ ಆಫ್ ಮಾಡಿ, ಕಾರ್ಡನ್ನು ಹೊರತೆಗೆದು, ಕೆಲವೇ ನೂರು ರೂಪಾಯಿಗೆ ಸಿಗುವ ಕಾರ್ಡ್ ರೀಡರಿನಲ್ಲಿ ಹಾಕಿದರೆ ದಾರಿಯ ಅರ್ಧದಷ್ಟು ತೊಡಕುಗಳು ಒಂದೇ ಏಟಿಗೆ ಕಳೆಯುತ್ತವೆ. ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್ ಎಂದಿದ್ದರೂ ನಿಜವಾಗಿ ಸಿಗುವುದು ಸೆಕೆಂಡಿಗೆ ಸುಮಾರು 30ರಿಂದ 35 ಮೆಗಾಬೈಟ್ ಮಾತ್ರ. 32 ಜಿಬಿ ತುಂಬಿದ ಕಾರ್ಡನ್ನು ಖಾಲಿ ಮಾಡಲು ಕಾಲು ಗಂಟೆಗೂ ಹೆಚ್ಚು ಬೇಕು. ಯುಎಸ್‌ಬಿ 3.0 ರೀಡರನ್ನು ಕಂಪ್ಯೂಟರಿನ ಹಿಂಭಾಗದಲ್ಲಿ ಸಾಮಾನ್ಯವಾಗಿ ನೀಲಿ ಬಣ್ಣದಲ್ಲಿರುವ ಪೋರ್ಟಿಗೆ ಹಾಕಿದರೆ, ಕಾರ್ಡೂ ವೇಗದ್ದಾಗಿದ್ದಲ್ಲಿ, ಕಾಯುವ ಹೊತ್ತು ಬಹಳ ಕಡಿಮೆಯಾಗುತ್ತದೆ.

ರೀಡರ್ ಹಳೆಯದಾಗಿದ್ದರೆ ಮಾತ್ರ ಒಂದು ತೊಡಕಿದೆ. ನೋಡಲು ಒಂದೇ ಆಕಾರದ ಎಸ್‌ಡಿ ಕಾರ್ಡುಗಳಲ್ಲಿ ಪೀಳಿಗೆಗಳಿವೆ. ಮೊದಲ ಎಸ್‌ಡಿ ಕಾರ್ಡುಗಳ ಮಿತಿ 2 ಜಿಬಿ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32 ಜಿಬಿವರೆಗೆ, 2009ರಲ್ಲಿ ಪ್ರಕಟವಾದ ಎಸ್‌ಡಿಎಕ್ಸ್‌ಸಿ 2 ಟಿಬಿವರೆಗೆ ಹೋಗುತ್ತದೆ. ಎಸ್‌ಡಿಎಚ್‌ಸಿ ಕಾರ್ಡುಗಳು ಫ್ಯಾಟ್32 ವಿಧಾನದಲ್ಲಿ, ಅದಕ್ಕೂ ದೊಡ್ಡವು ಎಕ್ಸ್‌ಫ್ಯಾಟ್ ವಿಧಾನದಲ್ಲಿ ಜೋಡಣೆಯಾಗಿರುತ್ತವೆ. ಹೊಸದಾಗಿ ಕೊಂಡ 64 ಜಿಬಿ ಕಾರ್ಡನ್ನು ಹಳೆಯ ರೀಡರಿಗೆ ಹಾಕಿದಾಗ, ಅಥವಾ ಎಕ್ಸ್‌ಫ್ಯಾಟ್ ತಿಳಿಯದ ಹಳೆಯ ಕಂಪ್ಯೂಟರಿಗೆ ಜೋಡಿಸಿದಾಗಲೂ ಆರಂಭದಲ್ಲಿ ಹೇಳಿದ ‘ಫಾರ್ಮ್ಯಾಟ್ ಮಾಡಲೇ?’ ಎಂಬ ಸಂದೇಶ ಮೂಡಬಹುದು. ವಿಂಡೋಸ್ 7 ಮತ್ತು ಅನಂತರದ ಆವೃತ್ತಿಗಳು ಎಕ್ಸ್‌ಫ್ಯಾಟನ್ನು ಓದುತ್ತವೆ. ಹಳೆಯ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೊಸಾಫ್ಟ್ ಪ್ರತ್ಯೇಕ ಪರಿಷ್ಕರಣೆಯೊಂದನ್ನು ಕೊಡಬೇಕಾಗಿ ಬಂದಿತ್ತು. ಲಿನಕ್ಸ್ ಬಳಸುವವರಿಗೆ ಇದು 2019ರ ಕರ್ನೆಲ್ (ಲಿನಕ್ಸಿನ ತಿರುಳು) 5.4ರಿಂದ ಅಂತರ್ಗತವಾಗಿದೆ.

ಕಾರ್ಡಿನ ಲೋಹದ ಪಟ್ಟಿಗಳನ್ನು ಒಣಗಿದ ಮೆದು ಬಟ್ಟೆಯಿಂದ ಒರೆಸಿ ಹಾಕಿ. ಅಂಚಿನಲ್ಲಿರುವ ಪುಟ್ಟ ಬೀಗದ ಕೀಲನ್ನು ‘ಲಾಕ್’ ಕಡೆಗೆ ಸರಿಸಿಡುವುದು ಈ ಹೊತ್ತಿನಲ್ಲಿ ಒಳ್ಳೆಯದೇ: ಚಿತ್ರಗಳನ್ನು ಓದಲು ಅದು ಅಡ್ಡಿಯಾಗುವುದಿಲ್ಲ, ಅಕಸ್ಮಾತ್ತಾಗಿ ಅಳಿಸಿಹೋಗುವುದನ್ನು ತಡೆಯುತ್ತದೆ. ಕಾರ್ಡು ಎಲ್ಲೂ ಕಾಣದಿದ್ದರೆ ಸ್ಟಾರ್ಟ್ ಗುಂಡಿಯ ಅದೇ ಪಟ್ಟಿಯಲ್ಲಿರುವ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಅಲ್ಲಿ ಕಾರ್ಡು ಅಕ್ಷರವಿಲ್ಲದೆ ಕೂತಿದ್ದರೆ, ಅದರ ಮೇಲೆ ಬಲಗುಂಡಿ ಒತ್ತಿ ‘ಚೇಂಜ್ ಡ್ರೈವ್ ಲೆಟರ್’ ಆಯ್ಕೆಯಿಂದ ಬಳಕೆಯಲ್ಲಿಲ್ಲದ ಒಂದು ಅಕ್ಷರವನ್ನು ಕೊಟ್ಟರೆ ಸಾಕು. ಅದೇ ಪಟ್ಟಿಯಲ್ಲಿ ‘ಫಾರ್ಮ್ಯಾಟ್’ ಕೂಡ ಇರುತ್ತದೆ, ಕೈ ಜಾರದಿರಲಿ.

ನಕಲು ಮಾಡುವ ಬಗೆ

ಕಾರ್ಡು ತೆರೆದುಕೊಂಡರೆ ಅದರಲ್ಲಿ ‘ಡಿಸಿಐಎಂ’ ಎಂಬ ಫೋಲ್ಡರ್ ಕಾಣುತ್ತದೆ. ಯಾವ ಕಂಪನಿಯ ಕ್ಯಾಮೆರಾ ಆದರೂ ಈ ಹೆಸರು ಬದಲಾಗದಿರಲು ಕಾರಣ 1998ರಲ್ಲಿ ಜಪಾನಿನ ಉದ್ಯಮ ಸಂಘಟನೆ ರೂಪಿಸಿದ ಡಿಸಿಎಫ್ ಎಂಬ ನಿಯಮಾವಳಿ. ಅದರಂತೆ ಡಿಸಿಐಎಂ ಒಳಗಿನ ಉಪಫೋಲ್ಡರುಗಳ ಹೆಸರು 100ರಿಂದ 999ರವರೆಗಿನ ಸಂಖ್ಯೆಯಿಂದ ಶುರುವಾಗಬೇಕು. ಚಿತ್ರದ ಹೆಸರು ನಾಲ್ಕು ಅಕ್ಷರ ಮತ್ತು 0001ರಿಂದ 9999ರವರೆಗಿನ ನಾಲ್ಕು ಅಂಕಿಗಳಿಂದ ಆಗಬೇಕು. ಇಳಿಸುವ ತಂತ್ರಾಂಶವನ್ನೇ ಬದಿಗಿಟ್ಟು, ಕಂಪ್ಯೂಟರಿನಲ್ಲಿ ಇಂದಿನ ದಿನಾಂಕದ ಹೆಸರಿನ ಹೊಸ ಫೋಲ್ಡರೊಂದನ್ನು ಮಾಡಿ, ಡಿಸಿಐಎಂ ಇಡೀ ಫೋಲ್ಡರನ್ನು ಅಲ್ಲಿಗೆ ‘ಕಾಪಿ’ ಮಾಡಿ. ‘ಕಟ್’ ಬೇಡ, ನಡುವೆ ಕರೆಂಟು ಹೋದರೆ ಯಾವುದು ಎಲ್ಲಿ ಉಳಿಯಿತು ಎಂದು ಹುಡುಕುತ್ತ ಕೂರಬೇಕಾಗುತ್ತದೆ. ನಕಲು ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರಿನ ‘ಪ್ರಾಪರ್ಟೀಸ್’ ತೆರೆದು ಕಡತಗಳ ಸಂಖ್ಯೆ ಮತ್ತು ಒಟ್ಟು ಬೈಟುಗಳು ತಾಳೆಯಾಗುತ್ತವೆಯೇ ನೋಡಿ.

ವಿಡಿಯೊಗಳು ಡಿಸಿಐಎಂನಲ್ಲಿ ಸಿಗದಿದ್ದರೆ ಗಾಬರಿಯಾಗಬೇಡಿ. ಎವಿಸಿಎಚ್‌ಡಿ ಮಾದರಿಯಲ್ಲಿ ಚಿತ್ರೀಕರಿಸುವ ಕ್ಯಾಮೆರಾಗಳು ಅವನ್ನು ‘ಪ್ರೈವೇಟ್’ ಎಂಬ ಬೇರೆ ಫೋಲ್ಡರಿನ ಆಳದಲ್ಲಿಡುತ್ತವೆ. ಅದನ್ನೂ ಪೂರ್ತಿಯಾಗಿ ನಕಲು ಮಾಡಿಕೊಳ್ಳಬೇಕು.

ಚಿತ್ರದ ಹೆಸರಿಗೆ ನಾಲ್ಕೇ ಅಂಕಿಗಳಿರುವುದರಿಂದ ಹುಟ್ಟುವ ತಾಪತ್ರಯವೊಂದನ್ನು ನಾನೇ ಅನುಭವಿಸಿದ್ದೇನೆ. 9999 ದಾಟಿದ ಮೇಲೆ ಎಣಿಕೆ ಮತ್ತೆ 0001ರಿಂದ ಶುರುವಾಗುತ್ತದೆ. ಎಲ್ಲ ಚಿತ್ರಗಳನ್ನೂ ಒಂದೇ ಫೋಲ್ಡರಿಗೆ ಸುರಿಯುವ ಅಭ್ಯಾಸವಿದ್ದ ನಾನು, ‘ಇದೇ ಹೆಸರಿನ ಕಡತ ಈಗಾಗಲೇ ಇದೆ, ಬದಲಿಸಲೇ?’ ಎಂದು ವಿಂಡೋಸ್ ಕೇಳಿದಾಗ ಹಿಂದೆ ಮುಂದೆ ನೋಡದೆ ‘ಹೌದು’ ಎಂದೆ. ಹೆಸರು ಒಂದೇ ಆಗಿತ್ತು, ಚಿತ್ರಗಳು ಬೇರೆಯಾಗಿದ್ದವು. ಹಳೆಯ ಪ್ರವಾಸದ ಒಂದಿಡೀ ದಿನ ಹಾಗೆ ಹೋಯಿತು. ಪ್ರತಿ ಸಲಕ್ಕೂ ಹೊಸ ಫೋಲ್ಡರ್ ಮಾಡಿ ಎಂದು ಮೇಲೆ ಹೇಳಿದ್ದು ಇದೇ ಕಾರಣಕ್ಕೆ.

‘ಇಳಿಸಿಯಾಯಿತು’ ಎನ್ನುತ್ತದೆ, ಚಿತ್ರಗಳಿಲ್ಲ

ತಂತ್ರಾಂಶದ ಮೂಲಕವೇ ಇಳಿಸುವವರಿಂದ ಹೆಚ್ಚಾಗಿ ಕೇಳಿಬರುವ ದೂರು ಇದು, ಮತ್ತು ಬಹಳ ಸಲ ಚಿತ್ರಗಳು ಅಲ್ಲೇ ಇರುತ್ತವೆ. ಕ್ಯಾಮೆರಾವನ್ನು ತಿಂಗಳುಗಟ್ಟಲೆ ಬೀರುವಿನಲ್ಲಿಟ್ಟರೆ ಒಳಗಿನ ಗಡಿಯಾರಕ್ಕೆ ವಿದ್ಯುತ್ ಸಿಗದೆ ದಿನಾಂಕವು ಯಾವುದೋ ಹಳೆಯ ವರ್ಷದ ಜನವರಿ 1ಕ್ಕೆ ಮರಳುತ್ತದೆ. ತಂತ್ರಾಂಶವು ಚಿತ್ರದೊಳಗೆ ದಾಖಲಾದ ಆ ದಿನಾಂಕವನ್ನೇ ನಂಬಿ, ಮೊನ್ನೆಯ ಗೃಹಪ್ರವೇಶವನ್ನು ಹತ್ತು ವರ್ಷ ಹಿಂದಿನ ಫೋಲ್ಡರಿನಲ್ಲಿ ಇಟ್ಟುಬಿಡುತ್ತದೆ. ನೀವು ಹೊಸ ಚಿತ್ರಗಳ ಸಾಲಿನಲ್ಲಿ ಹುಡುಕುತ್ತಿರುತ್ತೀರಿ. ಹಾಗಾಗಿದ್ದರೆ, ಕ್ಯಾಮೆರಾದ ಗಡಿಯಾರವನ್ನು ಸರಿಪಡಿಸುವ ಮೊದಲು ಮೊಬೈಲ್ ಪರದೆಯಲ್ಲಿ ಇಂದಿನ ದಿನಾಂಕ ಮತ್ತು ಸಮಯ ಕಾಣುವಂತೆ ಇಟ್ಟು ಅದರದೊಂದು ಚಿತ್ರವನ್ನು ಬೇರೊಂದು ಕಾರ್ಡಿನಲ್ಲಿ ಅದೇ ಕ್ಯಾಮೆರಾದಿಂದ ತೆಗೆಯಿರಿ. ಚಿತ್ರದಲ್ಲಿ ಕಾಣುವ ಸಮಯಕ್ಕೂ ಅದರೊಳಗೆ ದಾಖಲಾದ ಸಮಯಕ್ಕೂ ಇರುವ ಅಂತರವೇ ಉಳಿದೆಲ್ಲ ಚಿತ್ರಗಳಿಗೆ ಕೂಡಿಸಬೇಕಾದ ಲೆಕ್ಕ. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶ ಈ ಅಂತರವನ್ನು ಸಾವಿರಾರು ಚಿತ್ರಗಳಿಗೆ ಒಟ್ಟಿಗೆ ಕೂಡಿಸಿಕೊಡುತ್ತದೆ.

ದಿನಾಂಕ ಸರಿಯಿದ್ದೂ ಚಿತ್ರ ಸೇರುತ್ತಿಲ್ಲವೆಂದರೆ ಕಂಪ್ಯೂಟರಿನ ಕಾವಲುಗಾರನನ್ನು ವಿಚಾರಿಸಬೇಕು. ‘ವಿಂಡೋಸ್ ಸೆಕ್ಯುರಿಟಿ’ಯ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಚಾಲೂ ಇದ್ದರೆ ಪರಿಚಯವಿಲ್ಲದ ತಂತ್ರಾಂಶಗಳು ‘ಪಿಕ್ಚರ್ಸ್’ ಫೋಲ್ಡರಿನಲ್ಲಿ ಬರೆಯುವುದನ್ನು ಅದು ತಡೆಯುತ್ತದೆ. ಈ ರಕ್ಷಣೆಯನ್ನು ಆಫ್ ಮಾಡುವ ಬದಲು, ಅನುಮತಿಯ ಪಟ್ಟಿಗೆ ಆ ತಂತ್ರಾಂಶವನ್ನು ಸೇರಿಸುವುದು ಸರಿಯಾದ ಕ್ರಮ. ಪಿಕ್ಚರ್ಸ್ ಫೋಲ್ಡರ್ ಮೈಕ್ರೊಸಾಫ್ಟಿನ ಅಂತರ್ಜಾಲ ಸಂಗ್ರಹವಾದ ಒನ್‌ಡ್ರೈವಿಗೆ ಜೋಡಣೆಯಾಗಿದ್ದರೆ ಉಚಿತವಾಗಿ ಸಿಗುವ 5 ಜಿಬಿ ಜಾಗ ಒಂದೇ ಸಮಾರಂಭಕ್ಕೆ ತುಂಬಿಹೋಗುತ್ತದೆ, ಆಮೇಲೆ ದೋಷದ ಸಂದೇಶಗಳ ಸರಮಾಲೆ. ‘ಇಳಿಸಿದ ಮೇಲೆ ಕಾರ್ಡಿನಿಂದ ಅಳಿಸು’ ಎಂಬ ಆಯ್ಕೆ ಎಲ್ಲೇ ಕಂಡರೂ ಅದರ ಗುರುತನ್ನು ತೆಗೆದುಬಿಡಿ.

ಕಡತ ಬಂದಿದೆ, ಆದರೆ ತೆರೆಯುತ್ತಿಲ್ಲ ಎನ್ನುವುದು ಬೇರೆಯೇ ವಿಷಯ. ಕ್ಯಾನನ್ನಿನ ಸಿಆರ್3, ನಿಕಾನಿನ ಎನ್‌ಇಎಫ್, ಸೋನಿಯ ಎಆರ್‌ಡಬ್ಲ್ಯೂ ಮುಂತಾದವು ಸಂಸ್ಕರಿಸದ ‘ರಾ’ ಕಡತಗಳು. ಕ್ಯಾಮೆರಾ ಹೊಸದು, ತಂತ್ರಾಂಶ ಹಳೆಯದು ಎಂದಾದಾಗ ಇವು ಅರ್ಥವಾಗದೆ ಉಳಿಯುತ್ತವೆ. ತಂತ್ರಾಂಶವನ್ನು ಪರಿಷ್ಕರಿಸಿ, ಇಲ್ಲವೇ ಮೈಕ್ರೊಸಾಫ್ಟ್ ಸ್ಟೋರಿನಲ್ಲಿ ಸಿಗುವ ‘ರಾ ಇಮೇಜ್ ಎಕ್ಸ್‌ಟೆನ್ಷನ್’ ಹಾಕಿಕೊಳ್ಳಿ. ಹಳೆಯ ಫೋಟೊಶಾಪ್ ಬಿಡಲಾಗದವರು ಅಡೋಬಿಯ ಉಚಿತ ಡಿಎನ್‌ಜಿ ಕನ್ವರ್ಟರಿನಿಂದ ಕಡತಗಳನ್ನು ಪರಿವರ್ತಿಸಿಕೊಳ್ಳಬಹುದು. ಐಫೋನಿನ ಎಚ್‌ಇಐಸಿ ಚಿತ್ರಗಳು ವಿಂಡೋಸಿಗೆ ನಕಲಾಗುವಾಗ ನಡುವೆ ದೋಷ ಬಂದು ನಿಲ್ಲುತ್ತಿದ್ದರೆ, ಫೋನಿನ ಫೋಟೋಸ್ ಸೆಟ್ಟಿಂಗಿನಲ್ಲಿ ‘ಕೀಪ್ ಒರಿಜಿನಲ್ಸ್’ ಆಯ್ಕೆ ಮಾಡಿ ಮತ್ತೆ ಪ್ರಯತ್ನಿಸಿ.

ಕಾರ್ಡೇ ಕೆಟ್ಟಿದ್ದರೆ

ಬೇರೆ ರೀಡರ್, ಬೇರೆ ಕಂಪ್ಯೂಟರ್ ಎರಡರಲ್ಲೂ ಕಾರ್ಡು ತೆರೆಯುತ್ತಿಲ್ಲ, ಕ್ಯಾಮೆರಾವೂ ಅದನ್ನು ಓದುತ್ತಿಲ್ಲ ಎಂದಾಗ ಫೋಟೊರೆಕ್‌ನಂಥ ಚೇತರಿಕೆಯ ತಂತ್ರಾಂಶದ ಸರದಿ. ಇದು ಉಚಿತ, ಕಾರ್ಡಿನ ಕೆಟ್ಟುಹೋದ ಪರಿವಿಡಿಯನ್ನು ಲೆಕ್ಕಿಸದೆ ಮೊದಲಿನಿಂದ ಕೊನೆಯವರೆಗೆ ಓದಿ, ಚಿತ್ರಗಳ ಆರಂಭದ ಗುರುತುಗಳನ್ನು ಪತ್ತೆಹಚ್ಚಿ ಅವನ್ನು ಎತ್ತಿಕೊಡುತ್ತದೆ. ಪಿಟಿಪಿ ವಿಧಾನದಲ್ಲಿ ಕ್ಯಾಮೆರಾ ಕೇಬಲಿನ ಮೂಲಕ ಇದು ನಡೆಯುವುದಿಲ್ಲ, ರೀಡರ್ ಬೇಕೇ ಬೇಕು. ಸಿಕ್ಕಿದ ಚಿತ್ರಗಳನ್ನು ಅದೇ ಕಾರ್ಡಿಗೆ ಉಳಿಸದೆ ಕಂಪ್ಯೂಟರಿನ ಡಿಸ್ಕಿಗೆ ಉಳಿಸಬೇಕು. ಹಳೆಯ ಹೆಸರುಗಳು ಉಳಿದಿರುವುದಿಲ್ಲವಾದ್ದರಿಂದ ಜೋಡಿಸಿಕೊಳ್ಳುವ ಶ್ರಮ ನಿಮ್ಮದೇ. ದೊಡ್ಡ ವಿಡಿಯೊಗಳು ಕಾರ್ಡಿನಲ್ಲಿ ತುಂಡು ತುಂಡಾಗಿ ಹರಡಿದ್ದರೆ ಪೂರ್ತಿ ಸಿಗದಿರುವ ಸಾಧ್ಯತೆ ಹೆಚ್ಚು. ವಿಂಡೋಸಿನ ‘ಚೆಕ್ ಡಿಸ್ಕ್’ ಕಾರ್ಡಿನ ಮೇಲೆಯೇ ತಿದ್ದುಪಡಿ ಮಾಡುವುದರಿಂದ, ಅದನ್ನು ಓಡಿಸುವುದಿದ್ದರೆ ಚಿತ್ರಗಳನ್ನು ಹೊರತೆಗೆದ ಮೇಲಷ್ಟೇ ಓಡಿಸಿ.

ಎಲ್ಲವೂ ಕೈಗೆ ಬಂದು, ಮತ್ತೊಂದು ಡಿಸ್ಕಿಗೂ ನಕಲಾಗಿ, ಹತ್ತಾರು ಚಿತ್ರಗಳನ್ನು ತೆರೆದು ನೋಡಿ ಖಾತ್ರಿಯಾದ ಮೇಲೆ, ಬೀಗದ ಕೀಲನ್ನು ಹಿಂದಕ್ಕೆ ಸರಿಸಿ ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿ, ಕ್ಯಾಮೆರಾದ ಮೆನುವಿನಿಂದಲೇ ಫಾರ್ಮ್ಯಾಟ್ ಮಾಡಿ. ಆಗಲೂ ಅದೇ ದೋಷ ಮತ್ತೆ ತಲೆಯೆತ್ತಿದರೆ ಆ ಕಾರ್ಡನ್ನು ಇನ್ನು ಯಾವ ಮದುವೆಗೂ ಒಯ್ಯಬೇಡಿ.