ತೋಕ್ ಪೂ ಬೇಲಿಗಿರಲಿ, ಗೆಣಸಿನ ಹತ್ತಿರ ಬೇಡ

ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ಸಿಕ್ಕಿಸುವ ತೋಕ್ ಪೂವನ್ನು ಬೇರೆಡೆ ಗೌರಿ ಹೂ, ಅಗ್ನಿಶಿಖೆ ಎಂದೂ ಕರೆಯುತ್ತಾರೆ. ಸಸ್ಯಶಾಸ್ತ್ರದ ಹೆಸರು ಗ್ಲೋರಿಯೋಸ ಸುಪರ್ಬಾ. ಕಾಡಂಚು, ಪೊದೆ, ತೋಟದ ಬೇಲಿ, ರಸ್ತೆ ಬದಿಯ ಬರೆ (ಮಣ್ಣಿನ ಇಳಿಜಾರು) ಇದರ ನೆಲೆ. ಬೇರು ತಂಪಾಗಿ, ತಲೆ ಬಿಸಿಲಿಗಿರಬೇಕು, ನೀರು ನಿಲ್ಲಬಾರದು. ಮನೆಯಲ್ಲಿ ಬೆಳೆಸುವವರು ಇಷ್ಟನ್ನು ಒದಗಿಸಿದರೆ ಉಳಿದದ್ದನ್ನು ಬಳ್ಳಿಯೇ ನೋಡಿಕೊಳ್ಳುತ್ತದೆ.

ಗಡ್ಡೆಯನ್ನು ಕಾಡಿನಿಂದ ಅಗೆದು ತರಬೇಡಿ. ಒಂದು ಗಡ್ಡೆ ತೆಗೆದರೆ ಆ ಜಾಗದ ಬಳ್ಳಿಯೇ ಹೋಯಿತು. ನರ್ಸರಿಯಿಂದಲೋ, ಈಗಾಗಲೇ ಬೆಳೆಸಿರುವವರಿಂದಲೋ ಪಡೆಯಿರಿ. ಬೀಜದಿಂದಲೂ ಬರುತ್ತದೆ, ಆದರೆ ಹೂ ಕಾಣಲು ಮೂರ್ನಾಲ್ಕು ವರ್ಷ ಕಾಯಬೇಕು. ಗಡ್ಡೆ ಇಂಗ್ಲಿಷಿನ 'ವಿ' ಅಕ್ಷರದಂತೆ ಕವಲೊಡೆದಿರುತ್ತದೆ. ಮೊಳಕೆ ಬರುವುದು ಕವಲಿನ ತುದಿಯಿಂದ ಮಾತ್ರ. ತುದಿ ಮುರಿದ ಗಡ್ಡೆ ಎಷ್ಟೇ ದಪ್ಪವಿದ್ದರೂ ಚಿಗುರುವುದಿಲ್ಲ. ಐವತ್ತು ಗ್ರಾಂ ತೂಗುವ, ತುದಿ ಗಟ್ಟಿಯಾಗಿರುವ ಗಡ್ಡೆ ಆರಿಸಿ.

ಸೆಪ್ಟೆಂಬರ್ ಮೊದಲ ವಾರದ ಹಬ್ಬಕ್ಕೆ ಹೂ ಬೇಕಾದರೆ ಮೇ ಕೊನೆಯೊಳಗೆ ನೆಡಿ. ಒಂದಡಿ ಆಳ, ಒಂದಡಿ ಅಗಲದ ಗುಂಡಿಗೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಎಲೆಗೊಬ್ಬರ ತುಂಬಿ. ಗಡ್ಡೆಯನ್ನು ಅಡ್ಡಲಾಗಿ ಮಲಗಿಸಿ ಎರಡು-ಮೂರು ಅಂಗುಲ ಮಣ್ಣು ಮುಚ್ಚಿ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಡಿ. ಕೈಗವಸು ಹಾಕಿಕೊಂಡೇ ಈ ಕೆಲಸ ಮಾಡಿ, ಕೊನೆಗೆ ಸೋಪಿನಲ್ಲಿ ಕೈ ತೊಳೆಯಿರಿ. ಮಡಿಕೇರಿ, ಭಾಗಮಂಡಲದಂಥ ಜಡಿಮಳೆಯ ಕಡೆ ಸಮತಟ್ಟು ನೆಲ ಬೇಡವೇ ಬೇಡ. ಜುಲೈಯಲ್ಲಿ ಗಡ್ಡೆ ಕೊಳೆತುಹೋಗುತ್ತದೆ. ಬರೆಯ ಮೇಲಂಚಿನಲ್ಲಿ ಅಥವಾ ಏರಿಸಿದ ಮಡಿಯಲ್ಲಿ ನೆಡಿ. ದಟ್ಟ ನೆರಳಿನಲ್ಲಿ ಬಳ್ಳಿ ಉದ್ದವಾಗುತ್ತದೆ, ಹೂ ಬಿಡುವುದಿಲ್ಲ. ಅರ್ಧ ದಿನದ ಬಿಸಿಲಾದರೂ ಬೇಕು.

ಹಬ್ಬಿಸುವಾಗ ಹೆಚ್ಚಿನವರು ತಪ್ಪುವುದು ಆಸರೆಯಲ್ಲಿ. ಈ ಬಳ್ಳಿ ಹಿಡಿದುಕೊಳ್ಳುವುದು ಎಲೆಯ ತುದಿಯಿಂದ. ಆ ತುದಿಯೇ ಸುರುಳಿಯಾಗಿ ಸುತ್ತುತ್ತದೆ. ದಪ್ಪ ಗೂಟ, ಸಿಮೆಂಟ್ ಕಂಬ ಅದಕ್ಕೆ ಸಿಗುವುದಿಲ್ಲ. ಪೆನ್ಸಿಲಿಗಿಂತ ತೆಳುವಾದ ಬಿದಿರ ಕಡ್ಡಿ, ಒಣ ಲಂಟಾನ ರೆಂಬೆ, ತಂತಿ ಜಾಲರಿ ಸಾಕು. ಚಿಗುರು ಅರ್ಧ ಅಡಿ ಬರುವ ಮೊದಲೇ ಕಡ್ಡಿ ಊರಿ. ತಡವಾಗಿ ಊರಿದರೆ ಗಡ್ಡೆಗೆ ಚುಚ್ಚುತ್ತದೆ. ಕಾಂಡ ಪೆಡಸು, ತುದಿ ಮುರಿದರೆ ಆ ವರ್ಷದ ಹೂ ಹೋದಂತೆಯೇ.

ಎಲೆಗಳು ರಾತ್ರೋರಾತ್ರಿ ಮಾಯವಾದರೆ ಕಪ್ಪು ಮೈಮೇಲೆ ಬಿಳಿ, ಕೆಂಪು ಚುಕ್ಕೆಯ ಹುಳುವನ್ನು ಹುಡುಕಿ. ಗುಂಪಾಗಿ ತಿನ್ನುತ್ತದೆ. ಬೆಳಿಗ್ಗೆ ಆಯ್ದು ಸೋಪು ನೀರಿಗೆ ಹಾಕಿದರೆ ಸಾಕು, ಔಷಧಿ ಹೊಡೆಯಬೇಕಿಲ್ಲ.

ಹಬ್ಬಕ್ಕೆ ಹೂವನ್ನು ತೊಟ್ಟಿನ ಬಳಿ ಕತ್ತರಿಸಿ, ಬಳ್ಳಿ ಎಳೆಯಬೇಡಿ. ಹೂ ಮುಗಿದ ಮೇಲೂ ಹಸಿರು ಬಳ್ಳಿಯನ್ನು ಮುಟ್ಟಬೇಡಿ. ಹಳೇ ಗಡ್ಡೆ ಕರಗಿ ಮುಂದಿನ ವರ್ಷದ ಗಡ್ಡೆ ತುಂಬಿಕೊಳ್ಳುವುದು ಈ ಎಲೆಗಳಿಂದಲೇ. ಬೇಲಿ ಬದಿಗೆ ಅಕ್ಟೋಬರಿನಲ್ಲೇ ಕಳೆ ಕತ್ತರಿಸುವ ಯಂತ್ರ ಓಡಿಸುವುದು, ಕಳೆನಾಶಕ ಹೊಡೆಯುವುದು ಕೊಡಗಿನ ಎಷ್ಟೋ ಬರೆಗಳಲ್ಲಿ ತೋಕ್ ಪೂವನ್ನು ಅಳಿಸುತ್ತದೆ. ಬಳ್ಳಿ ತಾನಾಗಿ ಒಣಗುವವರೆಗೆ ಆ ಒಂದು ಸಾಲನ್ನು ಬಿಟ್ಟುಕೊಡಿ.

ಒಣಗಿದ ನಂತರವೇ ನಿಜವಾದ ಅಪಾಯ. ಮೇಲೆ ಗುರುತಿಗೆ ಎಲೆಯಿಲ್ಲ, ಕೆಳಗೆ ಗಡ್ಡೆಯಿದೆ. ಅದೇ ಹೊತ್ತಿಗೆ ಸುಗ್ಗಿಯ ಹಬ್ಬ ಪುತ್ತರಿಗೆ ಗೆಣಸು ಅಗೆಯುತ್ತೇವೆ. ಇದರ ಎಲ್ಲ ಭಾಗವೂ ವಿಷ. ಗಡ್ಡೆ, ಬೀಜದಲ್ಲಿ ಕಾಲ್ಚಿಸಿನ್ ಎಂಬ ವಿಷ ಹೆಚ್ಚು. ಬೇಯಿಸಿದರೂ ವಿಷ ಹೋಗುವುದಿಲ್ಲ. ಆದ್ದರಿಂದ ಗೆಣಸು, ಶುಂಠಿ, ಅರಿಸಿನದ ಮಡಿಯ ಹತ್ತಿರ ಎಂದೂ ನೆಡಬೇಡಿ. ನೆಟ್ಟ ಜಾಗಕ್ಕೆ ಕಲ್ಲು ಸುತ್ತಿಟ್ಟು ಗುರುತು ಮಾಡಿ, ಮನೆಯವರಿಗೂ ಕೆಲಸದವರಿಗೂ ತೋರಿಸಿಡಿ. ಕಿತ್ತ ಗಡ್ಡೆಯನ್ನು ಅಡುಗೆಮನೆಯಲ್ಲಿ, ಅಟ್ಟದ ಗೆಣಸಿನ ಜೊತೆ ಇಡಬೇಡಿ. ಗೌಟ್ ಎಂಬ ಸಂಧಿವಾತಕ್ಕೆ ಕೊಡುವ ಕಾಲ್ಚಿಸಿನ್ ಮಾತ್ರೆಯ ಅಳತೆ ಮಿಲಿಗ್ರಾಂ ಲೆಕ್ಕದ್ದು. ಗಡ್ಡೆ ಅರೆದು ಮನೆಮದ್ದು ಮಾಡುವುದು ಜೀವಕ್ಕೆ ಎರವು.

ಯಾರಾದರೂ ತಿಂದರೆ ವಾಂತಿ, ಭೇದಿ ಶುರುವಾಗಲು ಕೆಲವು ಗಂಟೆ ಬೇಕಾಗಬಹುದು. ಆರಾಮವಾಗಿದ್ದಾರೆಂದು ಕಾಯಬೇಡಿ. ಒತ್ತಾಯದಿಂದ ವಾಂತಿ ಮಾಡಿಸಬೇಡಿ. ಉಳಿದ ಗಡ್ಡೆಯ ತುಂಡನ್ನು ಕವರಿನಲ್ಲಿ ಹಾಕಿಕೊಂಡು ಕೂಡಲೇ ಆಸ್ಪತ್ರೆಗೆ ಹೊರಡಿ, ತಿಂದ ಹೊತ್ತು ಮತ್ತು ಅಂದಾಜು ಪ್ರಮಾಣವನ್ನು ವೈದ್ಯರಿಗೆ ಹೇಳಿ. ವಾಂತಿ ನಿಂತರೂ ವೈದ್ಯರು ಹೇಳದೆ ಮನೆಗೆ ಕರೆತರಬೇಡಿ. ರಕ್ತಕಣ ಕುಸಿಯುವುದು ಆಮೇಲಿನ ದಿನಗಳಲ್ಲಿ.